ಗೇರುಸೊನೆ ಹಚ್ಚಿದ ಬೆರಳು

ಸುಮಿತ್ರಕ್ಕಾ, ಆ ಪಂಚಾಯತಿ ಚುನಾವಣೆಯಲ್ಲಿ ನಾನು ನಿನಗೆ ವೋಟು ಹಾಕಲಿಲ್ಲ. ಬೇರೆಯವರಿಗೆ ಹಾಕಿದೆ ಎಂದಲ್ಲ — ಯಾರಿಗೂ ಹಾಕಲಿಲ್ಲ. ಅಮದಳ್ಳಿಯ ನಮ್ಮ ಶಾಲೆಯ ಮೆಟ್ಟಿಲನ್ನೇ ಆ ದಿನ ಹತ್ತಲಿಲ್ಲ. ನೀನು ನಿನ್ನ ನಾದಿನಿಯ ಎದುರು ಎತ್ತಿ ತೋರಿಸಿದೆಯಲ್ಲ, ನನ್ನ ಬೆರಳ ಮೇಲಿನ ಆ ಕಪ್ಪು — ಅದು ಮತಗಟ್ಟೆಯ ಶಾಯಿಯಾಗಿರಲಿಲ್ಲ. ಹಸಿ ಗೇರುಬೀಜದ ಸೊನೆ.

ಇಷ್ಟು ಬರೆದು ಎದ್ದುಹೋಗಿ ಚಹಾ ಕುಡಿದು ಬಂದೆ. ಇಷ್ಟು ವರ್ಷ ಮಾಡಿದ್ದೂ ಅದನ್ನೇ, ಹೇಳಬೇಕಾದಾಗಲೆಲ್ಲ ಎದ್ದುಹೋಗುವುದು. ಇವತ್ತು ಮತ್ತೆ ಬಂದು ಕುಳಿತಿದ್ದೇನೆ.

ವೋಟಿನ ಬೆಲೆ ಗೊತ್ತಿಲ್ಲದ ಮನೆಯಲ್ಲಿ ಹುಟ್ಟಿದವನೇನಲ್ಲ ನಾನು. ನನ್ನ ಅಮ್ಮನ ತವರು ಅಂಕೋಲೆ ಎಂಬುದು ನಿನಗೆ ಗೊತ್ತು. ಅಲ್ಲಿ ಅಜ್ಜಿಗೆ ಚುನಾವಣೆ ಎಂದರೆ ಹಬ್ಬವೇ. ಕೇರಿಯ ಹೆಂಗಸರೆಲ್ಲ ಪೆಟ್ಟಿಗೆಯಿಂದ ತೆಗೆದ ಸೀರೆ ಉಟ್ಟು, ಆಬೋಲಿ ಮುಡಿದು, ಮದುವೆಮನೆಗೆ ಹೊರಟವರ ಹಾಗೆ ಗುಂಪಾಗಿ ಹೋಗುತ್ತಿದ್ದರು. ಧ್ವನಿವರ್ಧಕ ಕಟ್ಟಿದ ಜೀಪಿನ ಹಿಂದೆ ಧೂಳು ತಿನ್ನುತ್ತ ಓಡಿ ನಾವು ಕಾಗದದ ಬಿಲ್ಲೆ ಆರಿಸುತ್ತಿದ್ದೆವು. ನಿಂತ ಅಭ್ಯರ್ಥಿ ಜಗಲಿಯಲ್ಲಿ ಕುಳಿತು ಬೆಲ್ಲ-ನೀರು ಕುಡಿದು, ಅಜ್ಜಿಯಿಂದ ಬೈಸಿಕೊಂಡು ಹೋಗುತ್ತಿದ್ದ. ಸೋತವನೂ ಬಂದು ಕುಡಿದು ಹೋಗುತ್ತಿದ್ದ! ವೋಟು ಹಾಕಿ ಬಂದ ಸಂಜೆ ಅಜ್ಜಿ ಬೂದಿ ಹಾಕಿ ಪಾತ್ರೆ ತಿಕ್ಕುವಾಗ ಶಾಯಿಯ ಬೆರಳೊಂದನ್ನು ಮಾತ್ರ ಮೇಲೆತ್ತಿ ಹಿಡಿಯುತ್ತಿದ್ದಳು, ಗುರುತು ಮಾಸಬಾರದೆಂದು.

ಮಕ್ಕಳಾದ ನಮ್ಮದೂ ಒಂದು ಚುನಾವಣೆ ಇತ್ತು. ಗೇರುಮರದ ಬುಡದಲ್ಲಿ ಡಬ್ಬಿ ಇಟ್ಟು, ಎಲೆಯನ್ನೇ ಚೀಟಿ ಮಾಡಿ ಹಾಕಿ, ಹಸಿ ಬೀಜ ಜಜ್ಜಿ ಅದರ ಸೊನೆಯನ್ನು ಬೆರಳಿಗೆ ಹಚ್ಚಿಕೊಳ್ಳುತ್ತಿದ್ದೆವು. ಮರುದಿನ ಚರ್ಮ ಸುಟ್ಟು ಕಪ್ಪಾಗುತ್ತಿತ್ತು. ಅಜ್ಜಿ ಬೈಯುತ್ತಲೇ ಕೊಬ್ಬರಿ ಎಣ್ಣೆ ಸವರುತ್ತಿದ್ದಳು. ಆ ಆಟವೇ ಮುಂದೊಂದು ದಿನ ನನ್ನ ಮೋಸಕ್ಕೆ ಒದಗಿತು.

ದೊಡ್ಡವನಾಗಿ ಕಾರವಾರದ ಕಚೇರಿಯಲ್ಲಿ ಗುಮಾಸ್ತನಾದೆ. ಬೆಳಿಗ್ಗೆ ಒಂದು ಬಣ್ಣದ ಶಾಲು, ಸಂಜೆಗೆ ಇನ್ನೊಂದು ಬಣ್ಣದ್ದು — ಅಂಥವರಿಗೆಲ್ಲ ಎದ್ದು ನಿಂತು ನಮಸ್ಕರಿಸಿದೆ. ನಾವು ಒಬ್ಬನನ್ನು ಗೆಲ್ಲಿಸುವುದು, ಅವನು ನಾವು ಸೋಲಿಸಿದವನ ಮಗ್ಗುಲಲ್ಲಿ ಹೋಗಿ ಕೂರುವುದು. ಬೇಸರ ಬಂದಿತ್ತು, ಸುಳ್ಳಲ್ಲ. ಆದರೆ ಬೇಸರಕ್ಕಿಂತ ಸೋಮಾರಿತನವೇ ಹೆಚ್ಚು. ಕಳ್ಳನಿಗೊಂದು ಪಿಳ್ಳೆ ನೆವ ಎನ್ನುತ್ತಾರಲ್ಲ, ದೇಶ ಕೆಟ್ಟಿದೆ ಎಂಬುದು ನನ್ನ ನೆವವಾಗಿತ್ತು. 'ನನ್ನೊಂದು ವೋಟಿನಿಂದ ಎಂತಾ ಆಗ್ತದೆ' ಎಂದು ಚಹಾ ಅಂಗಡಿಯಲ್ಲಿ ದೊಡ್ಡದಾಗಿ ಹೇಳುತ್ತಿದ್ದೆ. ನಾಲ್ಕು ಜನ ತಲೆಯಾಡಿಸುತ್ತಿದ್ದರು. ಬುದ್ಧಿವಂತನೆನಿಸಿಕೊಳ್ಳಲು ಅಷ್ಟು ಸಾಕಾಗುತ್ತಿತ್ತು.

ನೀನು ಚುನಾವಣೆಗೆ ನಿಂತದ್ದು ಅದೇ ಕಾಲದಲ್ಲಿ. ಮೀನು ಬುಟ್ಟಿ ಹೊತ್ತು ಕಾರವಾರದ ಮಾರುಕಟ್ಟೆಗೆ ಹೋಗುವ ನೀನು! ಕೇರಿಯ ಬಾವಿಯ ನೀರು ಉಪ್ಪಾಗಿತ್ತು. ಸಿಹಿನೀರಿಗೆ ಹೆದ್ದಾರಿ ದಾಟಬೇಕು. ಅಗಲ ಮಾಡಿದ ಮೇಲಂತೂ ಆ ರಸ್ತೆಯಲ್ಲಿ ಲಾರಿಗಳು ಕಣ್ಣು ಮುಚ್ಚಿ ಓಡುತ್ತಿದ್ದವು. ತಲೆಯ ಮೇಲೊಂದು ಕೊಡ, ಸೊಂಟದಲ್ಲೊಂದು ಕೊಡ ಇಟ್ಟುಕೊಂಡು ಹೆಂಗಸರು ರಸ್ತೆಯ ನಡುವೆ ನಿಂತಿರುವುದನ್ನು ನಾನೂ ನೋಡಿದ್ದೆ. ರಸ್ತೆಯ ಈಚೆ ಒಂದು ನಳ ತರಿಸಬೇಕು — ನಿನಗೆ ಬೇಕಾಗಿದ್ದುದು ಅಷ್ಟೇ. ನಿನ್ನ ಎದುರು ನಿಂತವರು ಟ್ರಾಲರ್ ದೋಣಿಯ ಮಾಲಕರು.

ಮತದಾನದ ಹಿಂದಿನ ಸಂಜೆ ನೀನು ನಮ್ಮ ಅಂಗಳಕ್ಕೆ ಬಂದಿದ್ದೆ.

"ತಮ್ಮಾ, ನಾಳೆ ರಜೆ ಅಂತ ಎಲ್ಲೂ ಹೋಗ್ಬೇಡ ಹಾಂ. ನಿಂದೇ ಮೊದಲ್ನೇ ವೋಟು ಅಂತ ನಾ ಹಿಡ್ಕಂಡಿದ್ದೆ."

"ನಂದು ಇದ್ದದ್ದೇ ಅಕ್ಕಾ," ಎಂದೆ.

ಹಾಗೆಂದವನು ಬೆಳಿಗ್ಗೆ ಎಲ್ಲಿಗೆ ಹೋದೆ ಗೊತ್ತೇ? ಮತದಾನವೆಂದು ನಮ್ಮ ಕಡೆ ಹೆಂಡದಂಗಡಿಗಳೆಲ್ಲ ಬಾಗಿಲು ಹಾಕಿದ್ದವು. ಕಚೇರಿಯ ಗೆಳೆಯರು ಕರೆದರು — ಕಾಳಿ ಸೇತುವೆ ದಾಟಿ, ಮಾಜಾಳಿ ದಾಟಿ, ಗೋವೆಯೊಳಕ್ಕೆ. ಗೇರುಹಣ್ಣಿನ ಕಾಲ, ಅದರ ರಸದಿಂದ ಉರಾಕ್ ಎಂಬ ಹೆಂಡ ಇಳಿಸುವ ಕಾಲ. ಸಂಜೆಯೊಳಗೆ ಬಂದು ಹಾಕಿದರಾಯಿತು ಎಂದುಕೊಂಡೆ. ಗೇರುತೋಟದ ನೆರಳು, ಹುರಿದ ಮೀನು, ಹಾಳು ಹರಟೆ. ಅವತ್ತೂ ನಾವು ಬೈದದ್ದು ರಾಜಕಾರಣವನ್ನೇ! ಹೊತ್ತು ನೋಡಿಕೊಂಡಾಗ ಮತಗಟ್ಟೆ ಮುಚ್ಚುವ ಸಮಯವಾಗಿತ್ತು.

ಆಗ ನನಗೆ ನಳ ನೆನಪಾಗಲಿಲ್ಲ, ನೀನು ಸೋತರೆ ಎಂಬುದೂ ಹೊಳೆಯಲಿಲ್ಲ. ನೀನು ಮೊದಲು ನನ್ನ ಬೆರಳು ನೋಡುತ್ತೀ ಎಂಬುದೊಂದೇ ಹೆದರಿಕೆ. ಕಾಲಬುಡದಲ್ಲಿ ಹಸಿ ಬೀಜ ಬಿದ್ದಿತ್ತು. ಕಲ್ಲಿನಿಂದ ಜಜ್ಜಿದೆ. ಗೆಳೆಯರು ನಕ್ಕರು, ನಾನೂ ನಕ್ಕೆ.

ಮರುದಿನ ನೀನು ದಾರಿಯಲ್ಲಿ ಸಿಕ್ಕು, "ಹಾಕ್ದ್ಯಾ?" ಎಂದೆ. ನಾನು ಬೆರಳು ತೋರಿಸಿದೆ. "ಸಾಕು ಮಾರಾಯಾ, ನಂಗೆ ಗೊತ್ತಿತ್ತು," ಎಂದು ಬುಟ್ಟಿ ಹೊತ್ತು ಬಸ್ಸಿಗೆ ಓಡಿದೆ. ನಿನ್ನ ಹಿಂದೆಯೇ ಕಮಲಕ್ಕ, ತನ್ನ ಬುಟ್ಟಿ ಹೊತ್ತು. ಅತ್ತಿಗೆ-ನಾದಿನಿ ಇಬ್ಬರೂ ಒಂದೇ ಸೀಟಿನಲ್ಲಿ ಕುಳಿತು ಹೋಗುತ್ತಿದ್ದ ಕೊನೆಯ ದಿನಗಳು ಅವು.

ಎಣಿಕೆಯಲ್ಲಿ ಇಬ್ಬರಿಗೂ ಸಮ ಬಂತು. ಚೀಟಿ ಎತ್ತಿದರು. ನಿನ್ನ ಹೆಸರು ಬರಲಿಲ್ಲ.

ಅಂದು ನಿನ್ನ ಅಂಗಳದಲ್ಲಿ ನಾನೂ ಇದ್ದೆ. ಬೆಳಗಿನಿಂದ ಏನೂ ತಿಂದಿಲ್ಲವೆಂದು ಕಮಲಕ್ಕ ನಿನಗೆ ಗಂಜಿ ತಂದಿದ್ದಳು. ಅವಳ ಗಂಡ ಗೆದ್ದವರ ಟ್ರಾಲರಿನಲ್ಲೇ ಕೆಲಸಕ್ಕಿದ್ದ. ಯಾರೋ ನಿನ್ನ ಕಿವಿ ಊದಿದ್ದರು.

"ಒಂದೇ ಒಂದ್ ವೋಟು ಕಮಲಾ. ಅದು ಎಲ್ ಹೋಯ್ತು ಹೇಳು?"

"ದೇವ್ರಾಣೆ ಅತ್ಗೆ, ನಾ ನಿಂಗೇ ಹಾಕಿದ್ದೆ."

ನೀನು ನನ್ನ ಕೈ ಜಗ್ಗಿ ಎಳೆದೆ. ಬೆರಳನ್ನು ಅವಳ ಮುಖದೆದುರು ಹಿಡಿದೆ. "ಇಂವ ನಮ್ ಮನೆಯಂವ ಅಲ್ಲ. ಆದ್ರೂ ಮರೀದೆ ಹಾಕ್ದ, ನೋಡು. ನೀ ನನ್ ಗಂಡನ ಒಡಹುಟ್ದವ್ಳು..."

ಸೊನೆ ತಾಗಿದಲ್ಲಿ ಚರ್ಮ ಸುಲಿಯುತ್ತಿತ್ತು, ಉರಿಯುತ್ತಿತ್ತು. ಒಂದೇ ಮಾತು ಸಾಕಿತ್ತು — 'ಅಕ್ಕಾ, ಅದು ನಂದು'. ಬಾಯಿಯವರೆಗೆ ಬಂತು. ಬಂದು... ಇಲ್ಲ, ಆಡಲಿಲ್ಲ. ಊರವರೆದುರು ಸಣ್ಣವನಾಗಲು ನಾಚಿದೆ. ಕಮಲಕ್ಕ ಗಂಜಿಯ ಪಾತ್ರೆಯನ್ನು ಜಗಲಿಯ ಮೇಲಿಟ್ಟು ಹೋದಳು.

ಆಮೇಲಿನದು ನಿನಗೇ ಗೊತ್ತು. ಎರಡು ಮನೆಗಳ ನಡುವೆ ಬೇಲಿ ಬಂತು. ನಿನ್ನ ಮಗಳ ಮದುವೆಯಲ್ಲಿ ಸೋದರತ್ತೆ ನಿಲ್ಲಬೇಕಾದ ಜಾಗದಲ್ಲಿ ಯಾರ್ಯಾರನ್ನೋ ನಿಲ್ಲಿಸಿದರು. ಮದುವೆಯ ವಾದ್ಯ ಕೇಳುತ್ತ ಕಮಲಕ್ಕ ಬೇಲಿಯಾಚೆ ಒಣಮೀನು ಮಗುಚುತ್ತಿದ್ದಳು. ನಾನು ನಿನ್ನ ಚಪ್ಪರದಲ್ಲಿ ಎರಡನೇ ಸಲ ಪಾಯಸ ಹಾಕಿಸಿಕೊಂಡೆ. ರಸ್ತೆಯ ಈಚೆ ನಳವೇನೋ ಬಂತು, ನೀರು ಬರಲಿಲ್ಲ. ನೀವಿಬ್ಬರೂ ಈಗಲೂ ಕೊಡ ಹೊತ್ತು ಅದೇ ಹೆದ್ದಾರಿ ದಾಟುತ್ತೀರಿ — ಒಬ್ಬಳು ದಾಟುವವರೆಗೆ ಇನ್ನೊಬ್ಬಳು ಈಚೆ ಕಾಯುತ್ತಾಳೆ.

ಇದನ್ನೆಲ್ಲ ನೋಡಿಯೂ ಸುಮ್ಮನಿದ್ದೆ. ಆದರೆ ಈ ಸಲದ ಚುನಾವಣೆಯ ಬೆಳಿಗ್ಗೆ ನಿನ್ನನ್ನು ಕರೆಯಲು ಬಂದೆನಲ್ಲ, ಅಲ್ಲಿಂದ ಈಚೆಗೆ ನಿದ್ದೆ ಹತ್ತುತ್ತಿಲ್ಲ. ನೀನು ಹಳೆಯ ಸೀರೆಯಲ್ಲೇ ಜಗಲಿಯ ಮೇಲೆ ಕುಳಿತು ಸಿಗಡಿ ಸುಲಿಯುತ್ತಿದ್ದೆ. ತಲೆಯನ್ನೂ ಎತ್ತಲಿಲ್ಲ.

"ನೀ ಹೋಗ್ಬಾ ತಮ್ಮಾ. ನನ್ನೊಂದ್ ವೋಟಿಂದ ಎಂತಾ ಆಗ್ತದ್ಯೋ? ಮನೆಯವ್ರೇ ಹಾಕೂದಿಲ್ಲ."

ಅದು ನನ್ನ ಮಾತು, ಅಕ್ಕಾ. ಚಹಾ ಅಂಗಡಿಯಲ್ಲಿ ಬಾಯಿಚಪಲಕ್ಕೆ ನಾನು ಆಡುತ್ತಿದ್ದ ಮಾತು. ನನಗದು ಹರಟೆಯಾಗಿತ್ತು, ನೀನು ನಂಬಿ ಹೇಳುತ್ತಿದ್ದೆ. ರಾಜಕಾರಣಿಗಳು ಜನರ ನಂಬಿಕೆ ಕೆಡಿಸಿದರೆಂದು ಆಯುಷ್ಯವಿಡೀ ಬೈದೆ. ನಿನ್ನ ನಂಬಿಕೆ ಕೆಡಿಸಿದವನು ರಾಜಕಾರಣಿಯಲ್ಲ, ಪಕ್ಕದ ಮನೆಯವನು.

ಕಮಲಕ್ಕ ಅಂದು ಯಾರಿಗೆ ಹಾಕಿದಳೋ ನಾನು ಕಂಡಿಲ್ಲ. ಅದು ಅವಳಿಗೆ, ಅವಳ ದೇವರಿಗೆ ಗೊತ್ತು. ಆದರೆ ನೀನು ಎಣಿಸಿಟ್ಟು ಕಾದ ವೋಟುಗಳಲ್ಲಿ ಬೀಳದೆ ಹೋದದ್ದು ಒಂದು, ಅದು ನನ್ನದು. ಹೊಟ್ಟೆಗೆ ಹಾಕಿಕೋ ಎಂದು ಕೇಳುವುದಿಲ್ಲ. ನಾಳೆ ಬೆಳಿಗ್ಗೆ ಮೊದಲು ಕಮಲಕ್ಕನ ಮನೆಗೆ ಹೋಗುತ್ತೇನೆ, ಅವಳು ಬಂದರೆ ಕರೆದುಕೊಂಡು ನಿನ್ನ ಅಂಗಳಕ್ಕೆ ಬರುತ್ತೇನೆ, ಬರದಿದ್ದರೆ ಒಬ್ಬನೇ ಬರುತ್ತೇನೆ. ಇದನ್ನು ಗಟ್ಟಿಯಾಗಿ, ಬೇಲಿಯಾಚೆಗೂ ಕೇಳುವ ಹಾಗೆ ಓದುತ್ತೇನೆ. ಓದಿ ಮುಗಿಸಿದ ಮೇಲೆ ನೀನು ಮಾತು ಬಿಡುವುದಾದರೆ ನನ್ನೊಡನೆ ಬಿಡು, ಸುಮಿತ್ರಕ್ಕಾ, ಅವಳೊಡನೆ ಆಡು.