ಇನ್ಸ್‌ಪೆಕ್ಟರರಿಗೆ ಇಟ್ಟ ಫ್ಯಾನು

ಎಂಬತ್ತರ ದಶಕದ ಆರಂಭದಲ್ಲಿ ನಾನು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಹೊಸ ಇಂಜಿನಿಯರ್. ಗ್ಯಾಸ್ ಪೈಪುಗಳ ದೊಡ್ಡ ಕೆಲಸವೊಂದು ಸಿಗುವುದರಲ್ಲಿತ್ತು. ಅದಕ್ಕೆ ಮೊದಲು ಮದ್ರಾಸಿನ ಇನ್ಸ್‌ಪೆಕ್ಟರರ ಎದುರು ದಪ್ಪ ಉಕ್ಕಿನ ಪ್ಲೇಟೊಂದನ್ನು ವೆಲ್ಡ್ ಮಾಡಿ, ಬೆಸುಗೆ ಮಿತಿಮೀರಿ ಗಡಸಾಗಿಲ್ಲವೆಂದು ತೋರಿಸಬೇಕಿತ್ತು. ಗಡಸಾದ ಬೆಸುಗೆ ಮುಂದೊಂದು ದಿನ ಬಿರುಕು ಬಿಡುತ್ತದೆ. ಹಾಗಾಗದಿರಲು ಉಕ್ಕನ್ನು ಮೊದಲೇ ಕಾಯಿಸಬೇಕು, ಬೇಗ ತಣಿಯಲು ಬಿಡಬಾರದು. ಇದೆಲ್ಲ ನನಗೆ ಬಾಯಿಪಾಠ.

ಎರಡು ಪ್ಲೇಟು ಮಾಡಿದೆವು, ಎರಡೂ ಫೇಲ್. ವೆಲ್ಡರ್ ನನ್ನ ಅಪ್ಪನ ವಯಸ್ಸಿನವರು. ಅವರ ಕೈಯೇ ಸರಿಯಿಲ್ಲ ಎಂದು ನಾನು ಯಜಮಾನರಿಗೆ ವರದಿ ಒಪ್ಪಿಸಿದೆ.

"ಮೂರನೆಯದ್ದೂ ಹೋದ್ರೆ ಅವರನ್ನು ಮನೆಗೆ ಕಳಿಸ್ತೇನೆ. ಮತ್ತೆ ಎಂತ ಮಾಡುವುದು?" ಅಂದರು ಯಜಮಾನರು. ನಾನು ದೊಡ್ಡ ಮನುಷ್ಯನ ಹಾಗೆ ತಲೆಯಾಡಿಸಿದೆ. ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ಸಲ ವಿಪರೀತ ಸೆಕೆ. ಇನ್ಸ್‌ಪೆಕ್ಟರರಿಗೆ ಎಳನೀರು ಕೊಟ್ಟು, ಹಿಂದಿನೆರಡು ಸಲದಂತೆಯೇ ಆಫೀಸಿನ ಫ್ಯಾನನ್ನು ನಾನೇ ಹೊತ್ತು ತಂದು ಅವರತ್ತ ತಿರುಗಿಸಿದೆ. ಬಿಸಿ ನೋಡುವ ಒಂದು ಬಳಪ ನಮ್ಮಲ್ಲಿತ್ತು. ಉಕ್ಕು ಸಾಕಷ್ಟು ಕಾದಿದ್ದರೆ ಅದರ ಗೆರೆ ಕರಗುತ್ತದೆ. ಮೊದಲೆರಡು ಸಲ ಆರಂಭದಲ್ಲಿ ಮಾತ್ರ ನೋಡಿದ್ದೆವು. ಈ ಸಲ ವೆಲ್ಡರರ ತಪ್ಪು ಹಿಡಿಯಲೇಬೇಕೆಂದು ಬೆಸುಗೆಯ ಪ್ರತಿ ಪದರಕ್ಕೂ ಮೊದಲು ನಾನೇ ಗೆರೆ ಎಳೆದೆ. ಎರಡನೆಯ ಪದರಕ್ಕೇ ಅದು ಕರಗಲಿಲ್ಲ.

"ಗಾಳಿ ಉಂಟಲ್ಲ ಸರ್," ಅಂದರು ವೆಲ್ಡರ್ ಮೆಲ್ಲಗೆ. ಫ್ಯಾನಿಗೂ ಇನ್ಸ್‌ಪೆಕ್ಟರರಿಗೂ ನಡುವೆ ಪ್ಲೇಟು ಹಾಯಾಗಿ ಗಾಳಿ ತಿನ್ನುತ್ತಿತ್ತು.

"ಮೊದಲೇ ಹೇಳಬಾರದಿತ್ತಾ?"

"ಹೇಳಿದ್ದೆ. ಬಂದವರು ಬೆವರುವುದು ಚಂದವಾ ಅಂತ ನೀವೇ ಕೇಳಿದ್ರಿ."

ಫ್ಯಾನು ಆರಿಸಿ ಪ್ಲೇಟನ್ನು ಮತ್ತೆ ಕಾಯಿಸಿದೆವು. ಇನ್ಸ್‌ಪೆಕ್ಟರರ ಅಂಗಿ ಹಿಂಡುವಷ್ಟು ಒದ್ದೆಯಾಯಿತು.

ವಾರದ ಮೇಲೆ ಲ್ಯಾಬಿನಿಂದ ಸುದ್ದಿ ಬಂತು: ಪಾಸ್. ಯಜಮಾನರು ನಮ್ಮಿಬ್ಬರನ್ನೂ ಕರೆದು, "ಹಾಗಾದ್ರೆ ಮೊದಲು ಎಂತ ಆದದ್ದು?" ಎಂದು ಕೇಳಿದರು.

"ನನ್ನದೇ ಕೈ ತಪ್ಪಿರಬೇಕು," ಅಂದರು ವೆಲ್ಡರ್.

ಸುಮ್ಮನಿದ್ದರೆ ನಾನು ಬಚಾವಾಗುತ್ತಿದ್ದೆ. ಆದರೆ ತಡೆಯಲಾಗಲಿಲ್ಲ. "ಫ್ಯಾನ್ ಇಟ್ಟದ್ದು ನಾನು. ಇವರದ್ದು ಎಂತದೂ ತಪ್ಪಿಲ್ಲ," ಅಂದೆ.

ಹೊರಗೆ ಬಂದ ಮೇಲೆ ವೆಲ್ಡರ್ ಬೀಡಿ ಹಚ್ಚಿದರು. "ತುಂಬ ಇಂಜಿನಿಯರ್‌ಗಳನ್ನು ನೋಡಿದ್ದೇನೆ ಸರ್. ತಪ್ಪು ನಂದು ಅಂತ ಹೇಳಿದವರು ನೀವೇ ಮೊದಲು."

ನಾನು ಉಬ್ಬಿಹೋದೆ.

"ಹೇಳ್ಲಿಕ್ಕೆ ಮೂರು ಪ್ಲೇಟ್ ಬೇಕಾಯ್ತು, ಅಷ್ಟೇ," ಅಂದರು.