ದುಂಡು ಮುಖದ ಫೋಟೊ

ನಮ್ಮ ಟೇಲರ್ ಅಕ್ಕನ ಕೆನ್ನೆಗಳು ಎಷ್ಟು ಉಬ್ಬಿದ್ದವೆಂದರೆ, ಸೂಜಿಗೆ ದಾರ ಪೋಣಿಸುವಾಗ ಅವರು ಕಣ್ಣು ಕಿರಿದು ಮಾಡಬೇಕಿರಲಿಲ್ಲ; ಕೆನ್ನೆಗಳೇ ಆ ಕೆಲಸ ಮಾಡುತ್ತಿದ್ದವು. ಅದು ಸ್ಟೀರಾಯ್ಡ್ ಮಾತ್ರೆ ಕೊಟ್ಟ ಮುಖ. ಕೌಲ್ ಬಜಾರಿನ ಅವರ ಅಂಗಡಿಯಲ್ಲಿ ನಾನು ರವಿಕೆ ಹೊಲಿಯಲು ಕಲಿಯಲು ಸೇರಿದಾಗ ಅಕ್ಕ ಸಣಕಲು. ಆಮೇಲೆ ಒಣಕೆಮ್ಮು ಹಿಡಿಯಿತು, ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಶ್ವಾಸಕೋಶ ಗಾಯದ ಕಲೆಯಂತೆ ಗಟ್ಟಿಯಾಗುತ್ತಿದೆ, ಗಟ್ಟಿಯಾದದ್ದು ಮತ್ತೆ ಮೆತ್ತಗಾಗದು, ಉಳಿದದ್ದನ್ನು ಉಳಿಸಿಕೊಳ್ಳೋಣ ಎಂದು ಡಾಕ್ಟರು ಮಾತ್ರೆ ಬರೆದರು.

"ಏನ್ರಿ ಅಕ್ಕಾರ, ಈ ಪರಿ ಊದೀರಿ!" ಎಂದ ಗಿರಾಕಿಗೆ ಅಕ್ಕ ಟೇಪು ಹಿಡಿದೇ ಹೇಳಿದ್ದರು: "ನಿಮ್ಮ ಅಳತಿ ತಗೊಳ್ಳಾಕ ನಾ ಕುಂತೀನ್ರಿ. ನನ್ನ ಅಳತಿ ನೀವು ತಗೋಬ್ಯಾಡ್ರಿ."

ಸಿರುಗುಪ್ಪದಿಂದ ಅವರ ತಮ್ಮ ಬರುತ್ತಿದ್ದ, ಪ್ರತಿಸಲ ಅಮೃತಬಳ್ಳಿ ಕಷಾಯದ ಬಾಟಲಿಯೊಂದಿಗೆ. ಅಕ್ಕನೆಂದರೆ ಅವನಿಗೆ ಪ್ರಾಣ.

"ಮಾತ್ರಿ ಬಿಟ್ಟುಬಿಡಕ್ಕಾ. ಇದನ್ನ ಕುಡಿ, ಮೈಯಾಗ ಶಕ್ತಿ ಬರತೈತಿ."

ನಾನೂ ಪೆದ್ದಿಯಂತೆ ಹೌದೆಂದು ತಲೆಯಾಡಿಸಿದೆ. ಅಕ್ಕ ಮಷೀನು ನಿಲ್ಲಿಸಿದರು.

"ಶಕ್ತಿ ಕಡಿಮ್ಯಾಗಿ ಬಂದದ್ದಲ್ಲಲೇ ಇದು. ಮೈ ಕಾಯೋ ಶಕ್ತಿನೇ ತಿರುಗಿಬಿದ್ದು ನನ್ನ ಲಂಗ್ಸ್ ತಿನ್ನಾಕ ಹತ್ತೇತಿ. ಅದನ್ನ ಕುಂದ್ರಸಾಕ ಈ ಮಾತ್ರಿ. ನೀ ಕಷಾಯ ಕೊಟ್ಟು ಎಬ್ಬಸ್ತೀಯೇನು?"

ಅವನೆದುರಿಗೇ ಮಾತ್ರೆ ನುಂಗಿದರು. ಆಮೇಲೆ ಫೋಟೊ ತೆಗೆಸಿಕೊಳ್ಳಲು ನನ್ನ ಕೈ ಹಿಡಿದು ಸ್ಟುಡಿಯೋಗೆ ನಡೆದರು. ಕಂಪ್ಯೂಟರಿನಲ್ಲಿ ಕೆನ್ನೆ ಸಣ್ಣ ಮಾಡಿಕೊಡುತ್ತೇನೆಂದ ಫೋಟೊದವನಿಗೆ, "ಏನೂ ಮುಟ್ಟಬ್ಯಾಡ್ರಿ. ಈ ಮುಖ ಬಂದ ಮ್ಯಾಲೇ ನಾ ಉಸಿರಾಡಾಕ ಹತ್ತೀನಿ" ಎಂದರು.

ಆ ಮಾತ್ರೆಗಳಿಂದ ಸೋಂಕು ಬೇಗ ತಗಲುತ್ತದೆಂದು ಸದಾ ಮಾಸ್ಕ್ ಹಾಕುತ್ತಿದ್ದರು. ಮದುವೆಗಳಿಗೆ ಹೋಗುವುದನ್ನೂ ಬಿಟ್ಟರು. ಮದುಮಗಳ ರವಿಕೆ ಮಾತ್ರ ಅವರೇ ಹೊಲಿದದ್ದಾಗಬೇಕಿತ್ತು. ಹೀಗೇ ವರ್ಷಗಳನ್ನು ಜಗ್ಗಿ ಜಗ್ಗಿ ಪಡೆದರು. ಹೋದ ಚಳಿಗಾಲದಲ್ಲಿ ಶ್ವಾಸಕೋಶ ಸೋತಿತು. ಅಕ್ಕ ಸೋತರೆಂದು ನಾನು ಒಪ್ಪುವುದಿಲ್ಲ.

ಗೋಡೆಗೆ ಹಾಕಲು ಅಕ್ಕನ ಹಳೆಯ ಸಣಕಲು ಮುಖದ ಫೋಟೊವನ್ನು ಅವರ ತಮ್ಮ ಕಟ್ಟು ಹಾಕಿಸಿ ತಂದ. "ಮಂದಿ ನೋಡ್ತಾರವ್ವ. ನಮ್ಮಕ್ಕ ಚಂದ ಕಾಣಬೇಕು."

ಯಾರಿಗೂ ಎದುರು ಮಾತಾಡದ ನಾನು ಅವತ್ತು ತುಂಬಿದ ಮನೆಯಲ್ಲಿ ಜಗಳಕ್ಕೆ ನಿಂತೆ.

"ಮಾತ್ರಿ ನುಂಗಿ ಇಷ್ಟು ವರ್ಷ ನಮ್ಮ ಕೂಡ ಇದ್ದದ್ದು ದುಂಡು ಮುಖದ ಅಕ್ಕ, ಅಣ್ಣಾರ. ಆ ಮುಖ ಮುಚ್ಚಿಟ್ಟರ ಹ್ಯಾಂಗ್ರಿ?"

ಅವನು ತಾನು ತಂದ ಫೋಟೊವನ್ನು ಕೆಳಗಿಟ್ಟ. ಆಮೇಲೆ ಸ್ಟುಡಿಯೋದ ಫೋಟೊವನ್ನು ತಾನೇ ಮೊಳೆಗೆ ತೂಗುಹಾಕಿ, ಕಣ್ಣೊರೆಸಿಕೊಂಡು ಕೇಳಿದ:

"ಸೊಟ್ಟ ಐತೇನವ್ವ?"

"ಸರಿ ಐತ್ರಿ," ಎಂದೆ. "ಏನೂ ಮುಟ್ಟಬ್ಯಾಡ್ರಿ."