ಪಾಲಾಕ್ಷಪ್ಪನವರ ಗಾಳಿ ಕರೆಂಟು

ಕಣಕಟ್ಟೆಯಲ್ಲಿ ಪಂಪ್‌ಸೆಟ್ ರಿಪೇರಿ ಮಾಡುವ ಪಕ್ಕದ ಮನೆಯ ಪಾಲಾಕ್ಷಪ್ಪನವರು ಮಾತಾಡುವಾಗಲೂ ತೆಂಗಿನ ಗರಿ ಯಾವ ಕಡೆ ಬಾಗಿದೆಯೆಂದು ನೋಡುತ್ತಿರುತ್ತಾರೆ. ಗಾಳಿಯಿಂದ ಕರೆಂಟು ತೆಗೆಯಲೆಂದು ಪಿವಿಸಿ ಪೈಪು ಸೀಳಿ ರೆಕ್ಕೆ ಮಾಡಿ, ಹಳೆಯ ಮೋಟಾರಿಗೆ ಜೋಡಿಸಿ, ತಾರಸಿಯ ಮೇಲೆ ನಿಲ್ಲಿಸಿದರು. ಮೂರು ಸಲ ರೆಕ್ಕೆ ಮುರಿದು ಯಾರದೋ ತೋಟಕ್ಕೆ ಹಾರಿದಾಗಲೂ "ಗಾಳಿಗೇನೂ ಬರ ಇಲ್ಲ ಬಿಡ್ರಿ" ಎನ್ನುತ್ತಾ ಹುಡುಕಿ ತಂದರು. ನಾಲ್ಕನೆಯ ಸಲ ರೆಕ್ಕೆ ನಿಂತು, ಮೋಟಾರಿಗೆ ಜೋಡಿಸಿದ್ದ ಬ್ಯಾಟರಿ ತುಂಬಿತು. ಅದರಿಂದ ಅವರು ಮೊದಲು ತಂತಿ ಎಳೆದದ್ದು ನಮ್ಮ ಮನೆಗೆ. ಕರೆಂಟು ಹೋದಾಗಲೆಲ್ಲ ಅಮ್ಮನ ಉಬ್ಬಸಕ್ಕೆ ಔಷಧಿಯ ಹಬೆ ಕೊಡುವ ನೆಬ್ಯುಲೈಸರ್ ಸದ್ದು ನಿಂತುಹೋಗುವುದು ಗೋಡೆಯಾಚೆ ಅವರಿಗೆ ಕೇಳಿಸುತ್ತಿತ್ತಂತೆ. "ನಿಮ್ಮನೆಗೂ ಎಳ್ಕೊಳಿ ಮಾವ" ಎಂದೆ. "ಎಳ್ಕೊಂತೀನಿ ಕಣವ್ವ, ಮೊದ್ಲು ಅಕ್ಕ ಉಸಿರಾಡ್ಲಿ" ಎಂದರು. ಈಗ ಕರೆಂಟು ಹೋದ ಮಧ್ಯಾಹ್ನಗಳಲ್ಲಿ ಅಮ್ಮ ಸಲೀಸಾಗಿ ಉಸಿರಾಡುತ್ತಾರೆ. ಪಾಲಾಕ್ಷಪ್ಪನವರು ಜಗಲಿಯಲ್ಲಿ ಕೂತು ಪೇಪರಿನಿಂದ ಗಾಳಿ ಬೀಸಿಕೊಳ್ಳುತ್ತಾರೆ.